ಗುಡಾಣ ಹೊತ್ತ ಊರು

ಹೆಸರಿಲ್ಲದ ಒಂದು ಊರನ್ನು ಉದ್ದನೆಯ ಗೋಡೆಯೊಂದು ಎರಡು ಪಾಲು ಮಾಡಿತ್ತು. ಬೆಟ್ಟದ ತುದಿಯಲ್ಲಿ ಒಬ್ಬನಿದ್ದಾನೆ ಎಂದು ಈಚೆಯವರು, ಅಲ್ಲಿ ಬಂಡೆಯಲ್ಲದೆ ಇನ್ನೇನೂ ಇಲ್ಲ ಎಂದು ಆಚೆಯವರು. ಗೋಡೆಯ ಮೇಲಿಂದ ಮಾತಾಡಬೇಕಾದರೆ ತಲೆಗೆ ಗುಡಾಣ ಕವುಚಿಕೊಳ್ಳಬೇಕೆಂಬುದು ಊರ ಕಟ್ಟಳೆ. ಗುಡಾಣದೊಳಗೆ ಮುಖ ಕಾಣುವುದಿಲ್ಲ, ಇಲಿಯ ಕೀಚಲೂ ಹುಲಿಯ ಗರ್ಜನೆಯಾಗುತ್ತದೆ. ಬಾಯಿಗೆ ಇದಕ್ಕಿಂತ ಸುಖ ಬೇಕೆ?

ಈಚೆಯ ಕೆಂಚವ್ವ ಇರುವೆ ಸಾಲು ಕಂಡರೂ ಸುತ್ತಿಕೊಂಡು ಹೋಗುವ ಹೆಂಗಸು. ಗುಡಾಣ ಏರಿತೋ, "ನಿಮ್ಮ ನಾಲಿಗೆ ಸೇದ್ಹೋಗ!" ಎಂದು ಶುರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆಯ ರುಚಿ ಹತ್ತಿದ ಮೇಲೆ ಅನ್ನವೂ ಸಪ್ಪೆ.

ಒಂದು ದಿನ ಆಚೆಯ ಗುಡಾಣವೊಂದು ಗುಡುಗಿತು: "ಆ ಬೆಟ್ಟದೋನಿಗೆ ಕಿವಿ ಇದ್ರೆ ನೀನ್ಯಾಕೆ ಹಿಂಗೆ ಕಿರುಚ್ತೀಯ, ಕತ್ತೆ?"

"ಇಲ್ದೇ ಇರೋನ ಮೇಲೆ ನಿಂಗ್ಯಾಕೋ ಅಷ್ಟು ಸಿಟ್ಟು, ಮುಠ್ಠಾಳ?" ಎಂದು ಕೆಂಚವ್ವ ತಿರುಗಿ ಬಿದ್ದಳು. ಚಪ್ಪಾಳೆ ಬಿತ್ತು. ಆದರೆ ಮನೆಯಲ್ಲಿ ಮುದ್ದೆ ತಿರುವುವಾಗಲೂ ಅವನ ಪ್ರಶ್ನೆ ಅವಳನ್ನು ಬಿಡಲಿಲ್ಲ. ದಿನಾ ಬೆಟ್ಟದ ಕಡೆ ಕೈಮುಗಿಯುತ್ತಿದ್ದವಳಿಗೆ ಈಗ ಕೈ ಜೋಡಿಸಿದರೆ ಒಳಗೆ ಏನೂ ಹುಟ್ಟುತ್ತಿರಲಿಲ್ಲ. ಅದೇ ಅವಳ ಸಂಕಟ. ಈಚೆಯವರಲ್ಲಿ ಹೇಳಿಕೊಂಡರೆ ಅವಳ ಮೇಲೇ ಗುಡಾಣ ತಿರುಗೀತು. ಕೇಳಿದವನನ್ನೇ ಕಂಡು ಬಗೆಹರಿಸಿಕೊಳ್ಳೋಣವೆಂದು ಹೊರಟಳು.

ಗೋಡೆಯ ಬದಿಯಲ್ಲೇ ನಡೆದರೆ, ಏನು ಸೋಜಿಗ! ಕೆರೆ ದಂಡೆಯ ಹತ್ತಿರ ಗೋಡೆ ಮುಗಿದೇ ಹೋಗಿತ್ತು. ಇಷ್ಟು ವರ್ಷ ಯಾರೂ ಅದರ ಕೊನೆ ನೋಡಲು ಬಂದಿರಲಿಲ್ಲ. ಆಚೆಯಿಂದ ಬರುತ್ತಿದ್ದ ಬರಿತಲೆಯ ಗಂಡಸೊಬ್ಬ ದಾರಿ ಬಿಟ್ಟು ನಿಂತ.

"ಕೆಸರೈತೆ ಕಣಕ್ಕ, ನೋಡ್ಕಂಡ್ ಬನ್ನಿ. ಎತ್ಲಾಗೆ?"

"ಒಬ್ಬನ್ನ ಹುಡುಕ್ಬೇಕಿತ್ತು ಕಣಣ್ಣ. ಬಾಯಿ ಹೊಲಸು. ಆದ್ರೆ ಒಂದು ಮಾತು ಕೇಳ್ಬಿಟ್ಟ, ನಿದ್ದೆ ಬರ್ತಿಲ್ಲ."

ಅವನು ನಕ್ಕ. "ನಂದೂ ಅದೇ ಪಾಡು. ನಿಮ್ ಕಡೆ ಒಬ್ಳು ಘಟವಾಣಿ ಅವಳೆ. ಅವಳನ್ನ ಕಂಡು ಮಾತಾಡ್ಬೇಕು."

ಇಬ್ಬರೂ ಅವನ ಪಂಚೆಯಂಚಿನಲ್ಲಿ ಕಟ್ಟಿಕೊಂಡಿದ್ದ ಮಂಡಕ್ಕಿ ಹಂಚಿಕೊಂಡು ತಿಂದರು. ಹುಷಾರು ಎಂದು ಒಬ್ಬರಿಗೊಬ್ಬರು ಹೇಳಿ ತಮ್ಮ ತಮ್ಮ ದಾರಿ ಹಿಡಿದರು. ಇಂಥ ಒಳ್ಳೆಯವರೂ ಆಚೆ ಇದ್ದಾರಲ್ಲ ಎಂದು ಕೆಂಚವ್ವನಿಗೆ ಹಿಗ್ಗಾಯಿತು.

ಆಚೆಯಲ್ಲಿ ಒಂದು ಗುಡಾಣ ಬರಿದಾಗಿ ಬಿದ್ದಿತ್ತು. "ಇದನ್ನ ಹಾಕ್ಕೊಳ್ಳೋನು ಎಲ್ಲೋ ಹೋದ. ಬರಿತಲೇಲಿ ಕೇಳಿದ್ರೆ ಇಲ್ಲಿ ಯಾರಿಗೂ ಕೇಳ್ಸಾಕಿಲ್ಲ, ಹಾಕ್ಕೊ" ಎಂದರು ಜನ. ಹಾಕಿಕೊಂಡು, "ನಾನೊಬ್ಬರನ್ನ ಹುಡುಕ್ತಿದ್ದೀನಿ" ಎಂದು ಮೆಲ್ಲಗೆ ಅಂದಳು. ಅದು ಗರ್ಜನೆಯಾಗಿ ಹೊರಬಿತ್ತು.

ತಕ್ಷಣ ಈಚೆಯಿಂದ, ಅವಳು ದಿನಾ ನಿಲ್ಲುತ್ತಿದ್ದ ಜಾಗದಲ್ಲೇ, ಒಂದು ಗುಡಾಣ ಅಬ್ಬರಿಸಿತು: "ಯಾವುದದು ಬೊಗಳ್ತಿರೋದು?"

ಕೆಂಚವ್ವನ ಮೈ ಉರಿದುಹೋಯಿತು. ಆದರೂ ಬಾಯಿ ತೆರೆಯುವ ಮುಂಚೆ, ಈಚೆಗೆ ಹೋದ ಆ ಒಳ್ಳೆಯ ಅಣ್ಣ ಇಂಥವನ ಬಾಯಿಗೆ ಸಿಗದಿರಲಿ ಎಂದು ಬೆಟ್ಟದ ಕಡೆ ಕೈಮುಗಿದಳು. ಎಷ್ಟೋ ದಿನದ ಮೇಲೆ ಬೇಡಿಕೆ ಒಳಗಿನಿಂದ ಬಂತು. ಗುಡಾಣದೊಳಗೆ ಕೈ ತೂರಿಸಿ ಕಣ್ಣೊರೆಸಿಕೊಂಡು, ಗೋಡೆಯಾಚೆಯವನನ್ನು ಬೈಯಲು ಶುರುಮಾಡಿದಳು.