ಎರಡು ದಿನ ತಡ

ಹೆಡ್‌ಮಿಸ್ಟ್ರೆಸ್ ಕುರ್ಚಿಯಿಂದ ಇಳಿದ ಮೇಲೆ ದೊಡ್ಡತ್ತೆಗೆ ಗದರಿಸಲು ಮಕ್ಕಳಿಲ್ಲದಂತಾಯಿತು. ಒಂದು ವಾರ ತಡೆದುಕೊಂಡರು. ಎಂಟನೆಯ ದಿನ ನಾನೂರು ಪುಟದ ದಪ್ಪ ನೋಟ್‌ಬುಕ್ ತಂದು, ಒಳರಟ್ಟಿಗೆ ಐದು ವಿಳಾಸಗಳ ಪಟ್ಟಿ ಅಂಟಿಸಿ, ಇಡೀ ಕುಟುಂಬವನ್ನೇ ತರಗತಿ ಮಾಡಿಕೊಂಡರು.

ಅದಕ್ಕೆ ಸುತ್ತು ಪುಸ್ತಕ ಎಂದು ಹೆಸರು ಬಿತ್ತು. ಐದು ಮನೆಗಳು ಐದು ದೇಶಗಳಲ್ಲಿದ್ದವು. ದೊಡ್ಡತ್ತೆ ತಮ್ಮ ಎರಡು ಪುಟ ಬರೆದು ಭಾವನಿಗೆ ಕಳಿಸುವರು. ಭಾವ ಎಂದರೆ ದೊಡ್ಡತ್ತೆಯ ಸೋದರಳಿಯ, ಮನೆತನದ ಕಿರಿ ಸೊಸೆಯ ಗಂಡನ ಅಣ್ಣ, ಹಡಗಿನ ಇಂಜಿನ್ ರಿಪೇರಿ ಮಾಡುವವರು. ಅವರಿಂದ ಕಿರಿ ಸೊಸೆಯ ಮನೆಗೆ. ಅಲ್ಲಿಂದ ನಾದಿನಿಗೆ, ಅವಳು ಹೆರಿಗೆ ವಾರ್ಡಿನ ನರ್ಸು, ಎಲ್ಲರ ಬಾಯಲ್ಲೂ ಗುಬ್ಬಿ. ಕೊನೆಗೆ ದೊಡ್ಡತ್ತೆಯ ತಮ್ಮ, ಬಸ್ ಓಡಿಸುವ ಚಿಕ್ಕಮಾವ. ಅವರಿಂದ ಮತ್ತೆ ದೊಡ್ಡತ್ತೆಗೆ. ಒಂದು ಸುತ್ತಿಗೆ ನಾಲ್ಕು ತಿಂಗಳು ಹಿಡಿಯುತ್ತಿತ್ತು. ಯಾರೂ ಎರಡು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬಂದ ತಾರೀಖು, ಕಳಿಸಿದ ತಾರೀಖು ಎರಡನ್ನೂ ಪುಟದ ಮೇಲ್ಗಡೆ ಬರೆಯಬೇಕು. ಫೋನು, ಗ್ರೂಪು, ಭಾನುವಾರದ ವಿಡಿಯೋ ಎಲ್ಲ ಇದ್ದವು. ಆದರೂ ಕೆಲಸ ಸಿಕ್ಕಿದ್ದು, ಮಂಡಿ ಆಪರೇಷನ್ ಆದದ್ದು, ಮನೆ ಬದಲಾಯಿಸಿದ್ದು ಪುಸ್ತಕದಲ್ಲಿ ಬಂದ ಮೇಲೆಯೇ ಸುದ್ದಿ. ಸುತ್ತು ಮುಗಿದಾಗ ದೊಡ್ಡತ್ತೆ ಎಲ್ಲರ ಪುಟಗಳನ್ನೂ ಕೆಂಪು ಶಾಯಿಯಲ್ಲಿ ತಿದ್ದುವರು. 'ಅಕ್ಷರ ಕಾಗೆ ಕಾಲಿನಂತಿದೆ.' 'ಮೂರು ದಿನ ತಡ. ಕಾರಣ?' ಹಡಗಿನಲ್ಲಿ ಹತ್ತು ಜನರನ್ನು ಗದರಿಸುವ ಭಾವನೂ ಆ ಕೆಂಪು ಗೆರೆ ಕಂಡರೆ ಬೆವರುತ್ತಿದ್ದರು.

ಕಿರಿ ಸೊಸೆಯ ಮನೆಯ ಪುಟಗಳನ್ನು ಬರೆಯುತ್ತಿದ್ದವನು ಅವಳ ಗಂಡ. ಹದಿನಾಲ್ಕು ತಿಂಗಳ ಹಿಂದೆ ಅವನು ತೀರಿಕೊಂಡ. ಆಮೇಲೆ ಪುಸ್ತಕ ಬರಲಿಲ್ಲ. ಅದು ನಿಂತೇ ಹೋಗಿದೆ ಎಂದು ಅವಳು ತಿಳಿದಳು. ಆ ದಿನಗಳಲ್ಲಿ ನಿಂತುಹೋದದ್ದು ಬಹಳವಿತ್ತು. ಇದೂ ಒಂದು ಎಂದುಕೊಂಡು ವಿಚಾರಿಸಲಿಲ್ಲ.

ಕೆಲಸ ಮಾತ್ರ ನಿಂತಿರಲಿಲ್ಲ. ದೊಡ್ಡ ಗ್ರಂಥಾಲಯವೊಂದರ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳನ್ನು ಬಿಚ್ಚಿ ಮತ್ತೆ ಹೊಲಿಯುವ ಕೋಣೆ ಅದು. ಉದ್ದನೆಯ ಮೇಜು, ಹೊಲಿದ ಪುಸ್ತಕ ಒತ್ತಿಡುವ ಕಬ್ಬಿಣದ ಪ್ರೆಸ್ಸು, ಗೋಡೆಯ ಮೊಳೆಗಳಲ್ಲಿ ದಪ್ಪದ ಪ್ರಕಾರ ತೂಗುಹಾಕಿದ ದಾರದ ಲಡಿಗಳು. ಎಂಟು ವರ್ಷದಿಂದ ಅವಳು ಅಲ್ಲಿದ್ದಳು. ಕೋಣೆಯ ಮೇಸ್ತ್ರಿ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಳ್ಳುವ ಮುದುಕರು, ಎರಡು ತಿಂಗಳಲ್ಲಿ ನಿವೃತ್ತರಾಗುವವರಿದ್ದರು.

"ಈ ಕೋಣೆ ನೀನು ನೋಡ್ಕೊ," ಎಂದಿದ್ದರು. "ಬೇರೆಯವರ ಕೈಗೆ ಹೋದ್ರೆ ನನ್ನ ಪ್ರೆಸ್ಸಿನ ಮೇಲೆ ಟೀ ಲೋಟ ಇಡ್ತಾರೆ."

"ಯೋಚನೆ ಮಾಡ್ತೀನಿ."

"ಮಾಡು. ತಿಂಗಳ ಕೊನೆಗೆ ಮೇಲಿನವರಿಗೆ ಹೆಸರು ಕೊಡ್ಬೇಕು. ಆಮೇಲೆ ನನ್ನ ಬೈಬೇಡ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಯಾರೂ ಕೇಳಿರಲಿಲ್ಲ. ಭಾನುವಾರ ಅವಳ ಸರದಿ ಬಂದಾಗ ಎಲ್ಲರ ದನಿಯೂ ತಗ್ಗುತ್ತಿತ್ತು, ಮಗು ಮಲಗಿರುವ ಕೋಣೆಗೆ ಕಾಲಿಟ್ಟವರಂತೆ. "ಊಟ ಆಯ್ತಾ ಮಗಳೇ?" "ಆಯ್ತು ಅತ್ತೆ." "ನಿದ್ದೆ ಬರುತ್ತಾ?" "ಬರುತ್ತೆ." ಅಲ್ಲಿಗೆ ಅವಳ ಸುದ್ದಿ ಮುಗಿಯುತ್ತಿತ್ತು.

ಅಂಥ ಒಂದು ಭಾನುವಾರ ಗುಬ್ಬಿ ಫೋನು ಹಿಡಿದು ತನ್ನ ಹೊಸ ಮನೆ ತೋರಿಸುತ್ತಿದ್ದಳು. ಮುಂಬಾಗಿಲಿಗೆ ಕಡುನೀಲಿ ಬಣ್ಣ.

"ಅಯ್ಯೋ, ಬಳಿದೇ ಬಿಟ್ಯಾ!" ಚಿಕ್ಕಮಾವ ಹಣೆ ಚಚ್ಚಿಕೊಂಡರು. "ಡಿಪೋ ಗೇಟಿನ ಥರ ಕಾಣುತ್ತೆ, ಬೇಡ ಅಂತ ಎರಡು ಪುಟ ಬರೆದಿದ್ನಲ್ಲೇ!"

"ನಿಮ್ಮ ಅಕ್ಷರ ಓದೋಕೆ ಆದ್ರೆ ತಾನೇ ಚಿಕ್ಕಪ್ಪ!"

ಎಲ್ಲರೂ ನಕ್ಕರು. ಕಿರಿ ಸೊಸೆ ನಗಲಿಲ್ಲ. "ಎಲ್ಲಿ ಬರೆದಿದ್ರಿ ಮಾವ?" ಎಂದಳು.

ಒಬ್ಬರೂ ಅಲುಗಲಿಲ್ಲ. ನೆಟ್ ಹೋಯಿತೇನೋ ಎಂದುಕೊಂಡಳು. ಆದರೆ ಚಿಕ್ಕಮಾವನ ಬೆನ್ನ ಹಿಂದೆ ಫ್ಯಾನು ತಿರುಗುತ್ತಲೇ ಇತ್ತು.

"ಪುಸ್ತಕ ಇನ್ನೂ ಸುತ್ತಾ ಇದೆಯಾ?"

"ನಿನಗೆ ತೊಂದ್ರೆ ಕೊಡೋದು ಬೇಡ ಅಂತ..." ದೊಡ್ಡತ್ತೆ ಗಂಟಲು ಸರಿಮಾಡಿಕೊಂಡರು. "ಸ್ವಲ್ಪ ದಿನ ನಿನ್ನ ಮನೆ ದಾಟಿಸಿ ಕಳಿಸೋಣ ಅಂದ್ಕೊಂಡ್ವಿ. ಅವನ ಅಕ್ಷರ ನೋಡಿದ್ರೆ ನಿನಗೆ..."

"ಎಷ್ಟು ಸುತ್ತು ಆಯ್ತು ಅತ್ತೆ?"

"ಮೂರು."

"ಈಗ ಯಾರ ಹತ್ರ ಇದೆ?"

ಭಾವ ಮೆಲ್ಲಗೆ ಕೈಯೆತ್ತಿದರು. "ನನ್ನ ಹತ್ರ. ನಾಳೆ ಗುಬ್ಬಿಗೆ ಪೋಸ್ಟ್ ಮಾಡೋದಿತ್ತು."

"ನನಗೆ ಕಳಿಸಿ ಭಾವ."

"ಅದರಲ್ಲಿ ನಿನ್ನ ವಿಷಯಾನೂ ಸ್ವಲ್ಪ ಬಂದಿದೆಯಮ್ಮ. ನಾವು ನಾವೇ ಮಾತಾಡ್ಕೊಂಡಿದ್ದು..."

"ನನ್ನ ವಿಷಯ ಅಂದ್ಮೇಲೆ ನಾನೂ ಓದ್ಬೇಕಲ್ಲ."

ದನಿ ಏರಲಿಲ್ಲ. ಕೆಲಸದ ಮೇಜಿನಲ್ಲಿ ಪಕ್ಕದವರ ಬಳಿ ಕತ್ತರಿ ಕೇಳುವಾಗಿನ ದನಿ.

ಮುಂದಿನ ವಾರ ಪಾರ್ಸೆಲ್ ಬಂತು. ಕೋಟನ್ನೂ ತೆಗೆಯದೆ ಅಡುಗೆಮನೆಯ ಮೇಜಿನ ಮೇಲಿಟ್ಟು ಬಿಚ್ಚಿದಳು.

ವಿಳಾಸದ ಪಟ್ಟಿಯ ಮೂರನೆಯ ಸಾಲಿನ ಮೇಲೆ ಕೆಂಪು ಗೆರೆ. ಸ್ಕೇಲು ಇಟ್ಟು ಎಳೆದದ್ದು. ಕೆಳಗೆ ಅದೇ ಕೆಂಪಿನಲ್ಲಿ: 'ಈ ಪುಸ್ತಕ ತುಂಬಿದ ಮೇಲೆ ಹೊಸದರಲ್ಲಿ ನಾಲ್ಕು ಮನೆ.' ಕೊನೆಯಿಂದ ತಿರುವಿ ನೋಡಿದಳು. ಖಾಲಿ ಉಳಿದದ್ದು ಆರೇ ಹಾಳೆ.

ಕೂತು ಓದಿದಳು. ಮಹಡಿಯ ಕೋಣೆಗೆ ಪರದೆ ಹೊಲಿಸಿದ್ದೇನೆ, ಅವಳು ಇಲ್ಲಿಗೆ ಬಂದು ನನ್ನ ಕಣ್ಣೆದುರು ಇರಲಿ ಎಂದು ದೊಡ್ಡತ್ತೆ. ಇಲ್ಲಿ ಸ್ಕೂಲಿನ ಲೈಬ್ರರಿಯಲ್ಲಿ ಜಾಗ ಖಾಲಿಯಿದೆ, ಮಾತಾಡಿಟ್ಟಿದ್ದೇನೆ, ನಮ್ಮಲ್ಲೇ ಸರಿ ಎಂದು ಭಾವ. ಅತ್ತಿಗೆಗೂ ಒಂದು ರೂಮು ಇರಲಿ ಅಂತಲೇ ಈ ಮನೆ ತಗೊಂಡೆ ಎಂದು ಗುಬ್ಬಿ. ಮೂರು ಸುತ್ತಿನಲ್ಲಿ ಅವಳನ್ನು ಮೂರು ದೇಶಗಳಿಗೆ ಸಾಗಿಸಿದ್ದರು, ಬೀರುವನ್ನು ಯಾವ ಗೋಡೆಗೆ ಆನಿಸೋಣ ಎಂದು ಚರ್ಚಿಸುವವರಂತೆ. ಚಿಕ್ಕಮಾವ ಒಬ್ಬರೇ ತಮ್ಮ ಕಾಗೆ ಕಾಲಿನ ಅಕ್ಷರದಲ್ಲಿ ಅಂಚಿನಲ್ಲಿ ಗೀಚಿದ್ದರು: 'ಎಲ್ಲಿ ಇಳೀಬೇಕು ಅಂತ ಪ್ಯಾಸೆಂಜರನ್ನ ಕೇಳಿದ್ರಾ?' ದೊಡ್ಡತ್ತೆ ಅದರ ಕಾಗುಣಿತ ತಿದ್ದಿ ಮುಂದೆ ಹೋಗಿದ್ದರು.

ಎಲ್ಲ ಪ್ರೀತಿಯಿಂದ ಬರೆದದ್ದೇ. ಅದು ಅವಳಿಗೆ ತಿಳಿಯುತ್ತಿತ್ತು. ಆದರೆ ಕಣ್ಣು ತುಂಬಲಿಲ್ಲ. ಹದಿನಾಲ್ಕು ತಿಂಗಳಿಂದ ಒಳಗೆಲ್ಲ ಮರಗಟ್ಟಿತ್ತು; ಯಾವುದು ಚುಚ್ಚಿದರೂ ಅರಿವಾಗುತ್ತಿರಲಿಲ್ಲ. ಪುಸ್ತಕ ಮುಚ್ಚಿ ಎತ್ತಿಡಲು ಹೋದಾಗ ಬೆರಳಿಗೆ ಏನೋ ನುಣುಪಾಗಿ ತಗುಲಿತು. ತಿರುಗಿಸಿ ನೋಡಿದಳು.

ಬೆನ್ನಿನ ಉದ್ದಕ್ಕೂ ಸೆಲೋಟೇಪು ಮೆತ್ತಿದ್ದರು. ಒಂದಲ್ಲ, ನಾಲ್ಕು ಪದರ. ಹಳೆಯದು ಹಳದಿಯಾಗಿ, ಅದರ ಅಂಟು ಹಾಳೆಗಳ ಬುಡಕ್ಕೆ ಇಳಿದಿತ್ತು.

ಅವಳಿಗೆ ಸಿಟ್ಟು ಬಂತು. ಕಿವಿ ಬಿಸಿಯಾಗುವಂಥ, ನೆತ್ತಿಗೇರುವಂಥ ಸಿಟ್ಟು. ಎಷ್ಟು ದಿನಗಳ ಮೇಲೆ ಬಂದಿತ್ತೆಂದರೆ, ಇದೇನು ಎಂದು ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಫೋನು ತೆಗೆದಳು.

"ಭಾವ, ಸೆಲೋಟೇಪ್ ಹಚ್ಚಿದ್ದು ಯಾರು?"

"ಬೆನ್ನು ಬಿಡ್ತಾ ಇತ್ತಲ್ಲಮ್ಮ, ಅದಕ್ಕೆ ನಾನೇ ಒಂಚೂರು..."

"ನಿಮ್ಮ ಇಂಜಿನ್ನಿಗೆ ನಾನು ಬಂದು ಮೈದಾ ಅಂಟು ಬಳಿದ್ರೆ ಸುಮ್ನಿರ್ತೀರಾ?"

ಭಾವ ತಬ್ಬಿಬ್ಬಾದರು. ಆಮೇಲೆ ಹೆಂಡತಿಯನ್ನು ಕೂಗುವುದು ಕೇಳಿಸಿತು: "ಏಯ್, ಬಾ ಇಲ್ಲಿ! ಇವಳು ನನಗೆ ಬೈತಾ ಇದಾಳೆ!" ಬೈಸಿಕೊಂಡವರ ಬೇಸರ ಆ ದನಿಯಲ್ಲಿ ಹುಡುಕಿದರೂ ಇರಲಿಲ್ಲ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಪುಸ್ತಕವನ್ನು ಕೋಣೆಯ ಮೇಜಿನ ಮೇಲಿಟ್ಟಳು. ಮೇಸ್ತ್ರಿ ಎರಡನೆಯ ಕನ್ನಡಕವನ್ನೂ ಏರಿಸಿ ನೋಡಿದರು.

"ಯಾವ ಪುಣ್ಯಾತ್ಮನ ಕೆಲಸ ಇದು?"

"ನನ್ನ ಭಾವ."

"ಜೈಲಿಗೆ ಹಾಕ್ಸು."

ಬಿಸಿ ಮಾಡಿದ ಚಪ್ಪಟೆ ಚಾಕುವಿನಿಂದ ಟೇಪನ್ನು ಇಷ್ಟಿಷ್ಟೇ ಎಬ್ಬಿಸಿದಳು. ಹಳೆಯ ಅಂಟು ಕೆರೆದು ತೆಗೆದಳು. ಹೊಲಿಗೆ ಕತ್ತರಿಸಿದಳು. ಹನ್ನೆರಡು ವರ್ಷದ ಸುದ್ದಿ ಇಪ್ಪತ್ತೈದು ಕಂತೆ ಹಾಳೆಗಳಾಗಿ ಮೇಜಿನ ಮೇಲೆ ಹರಡಿಕೊಂಡಿತು. ಫೋಟೋ ತೆಗೆದು ಗ್ರೂಪಿಗೆ ಹಾಕಿ, 'ಬಿಚ್ಚಿದ್ದೇನೆ' ಎಂದಷ್ಟೇ ಬರೆದಳು.

ಎರಡು ನಿಮಿಷಕ್ಕೆ ದೊಡ್ಡತ್ತೆಯ ಫೋನು ಬಂತು.

"ಏನೇ ಮಾಡ್ಬಿಟ್ಟೆ! ಅವನು ಬರೆದ ಪುಟಗಳೆಲ್ಲ..."

"ಎಲ್ಲ ಇವೆ ಅತ್ತೆ. ಒಂದು ಹಾಳೇನೂ ಕಳೆಯಲ್ಲ."

"ಅವನದ್ದಷ್ಟು ಕಿತ್ತು ಇಟ್ಕೊಳ್ತೀಯೇನೋ ಅಂತ... ಇಟ್ಕೊಂಡ್ರೂ ನಾವೇನೂ ಅನ್ನಲ್ಲ ಕಣೇ."

"ಯಾಕೆ ಕೀಳಲಿ? ಒಂದು ಹಾಳೆ ಕಿತ್ರೆ ಆ ಕಂತೇಲಿ ಅದರ ಜೋಡಿ ಹಾಳೆಯೂ ಸಡಿಲ ಆಗುತ್ತೆ. ಅದರಲ್ಲಿ ನಿಮ್ಮ ಮಂಡಿ ಆಪರೇಷನ್ ಇದೆ."

"ಎಷ್ಟು ದಿನ ಬೇಕು?" ಎಂದರು ದೊಡ್ಡತ್ತೆ.

"ಹಿಡಿದಷ್ಟು ದಿನ."

ಅವನಿಗೆ ಪುಟದ ಮೂಲೆ ಮಡಿಸುವ ಚಟವಿತ್ತು. ಪುಸ್ತಕ ಹೊಲಿಯುವವಳ ಗಂಡ ಮೂಲೆ ಮಡಿಸುವುದು ಆ ಮನೆಯ ನಿತ್ಯದ ಜಗಳ. ಒಂದು ಕಡೆ ಅದನ್ನೇ ಬರೆದಿದ್ದ: 'ನಮ್ಮನೆಯವಳು ಕಳ್ಳನನ್ನಾದರೂ ಒಳಗೆ ಕೂರಿಸಿಯಾಳು, ನನ್ನನ್ನು ಪುಸ್ತಕದ ಹತ್ತಿರ ಬಿಡುವುದಿಲ್ಲ.' ಅಂಥ ಮೂಲೆಗಳು ಹನ್ನೊಂದು ಸಿಕ್ಕವು. ಒಂದೊಂದನ್ನೂ ಒದ್ದೆ ಕುಂಚದಿಂದ ಸವರಿ, ಬಿಡಿಸಿ, ಮೂಳೆಯ ಪಟ್ಟಿಯಿಂದ ತೀಡಿ ಭಾರ ಹೇರಿದಳು. ಮಡಿಕೆ ಬಿಟ್ಟಿತು, ಗೆರೆ ಉಳಿಯಿತು. ಕಾಗದದ ಗುಣವೇ ಅದು. ಮುಂದಿನ ಹಾಳೆ ತೆಗೆದುಕೊಂಡಳು.

ಬಿಡುವು ಸಿಕ್ಕಾಗಲೆಲ್ಲ ಕೂತು ಎರಡು ವಾರದಲ್ಲಿ ಹೊಲಿಗೆಗೆ ಬಂದಳು. ಹಳೆಯ ಇಪ್ಪತ್ತೈದು ಕಂತೆಗಳ ಜೊತೆಗೆ ಬಿಳಿ ಹಾಳೆಯ ಹನ್ನೆರಡು ಹೊಸ ಕಂತೆ ಸೇರಿಸಿದಳು. ಇನ್ನು ಆರು ವರ್ಷ ಹೊಸ ಪುಸ್ತಕದ ಮಾತೇ ಬರುವುದಿಲ್ಲ.

"ದಪ್ಪ ಆಯ್ತಲ್ಲ," ಎಂದರು ಮೇಸ್ತ್ರಿ.

"ಮನೆಮಂದಿಗೆ ಮಾತು ಜಾಸ್ತಿ."

"ನಿನಗೆ ಕಮ್ಮಿ. ತಿಂಗಳ ಕೊನೆ ಬಂತು, ಇನ್ನೂ ಬಾಯಿ ಬಿಟ್ಟಿಲ್ಲ."

ಅವಳು ಮೇಣ ಹಚ್ಚಿದ ದಾರವನ್ನು ಜಗ್ಗಿ ಗಂಟು ಹಾಕಿದಳು. "ನನ್ನ ಹೆಸರು ಕೊಡಿ. ಪ್ರೆಸ್ಸಿನ ಮೇಲೆ ಯಾರೂ ಲೋಟ ಇಡಲ್ಲ."

ಮೇಸ್ತ್ರಿ ಜೇಬಿನಿಂದ ತಮ್ಮ ಮೇಣದ ಉಂಡೆ ತೆಗೆದು ಅವಳ ಮುಂದಿಟ್ಟು ಹೋದರು. ನಲವತ್ತು ವರ್ಷದ ದಾರಗಳು ಅದರ ಮೇಲೆ ಕಾಲುವೆ ಕೊರೆದಿದ್ದವು.

ಹೊಸ ಒಳರಟ್ಟಿಗೆ ಹೊಸ ಪಟ್ಟಿ ಅಂಟಿಸಿದಳು. ಐದು ಸಾಲು. ಮೂರನೆಯದರಲ್ಲಿ ತನ್ನ ಹೆಸರು, ತನ್ನ ವಿಳಾಸ. ಆಮೇಲೆ ತನ್ನ ಪುಟ ತೆರೆದು ಎರಡೂ ತಾರೀಖು ಹಾಕಿ ಬರೆದಳು:

'ಇನ್ನು ಮೇಲೆ ಈ ಮನೆಯ ಪುಟ ನಾನು ಬರೆಯುತ್ತೇನೆ. ನಮ್ಮ ಬೈಂಡಿಂಗ್ ಕೋಣೆಯ ಜವಾಬ್ದಾರಿ ನನಗೆ ಬರುತ್ತಿದೆ, ಒಪ್ಪಿಕೊಂಡಿದ್ದೇನೆ. ಆದ್ದರಿಂದ ಎಲ್ಲಿಗೂ ಇರಲು ಬರುವುದಿಲ್ಲ, ನೋಡಲು ಬರುತ್ತೇನೆ. ದೊಡ್ಡತ್ತೆಯ ಪರದೆ ಹಾಗೇ ಇರಲಿ. ಗುಬ್ಬಿಯ ಬಾಗಿಲು ಚೆನ್ನಾಗಿದೆ. ಚಿಕ್ಕಮಾವ ಕೇಳಿದ್ದಕ್ಕೆ ಉತ್ತರ: ನಾನು ಇಳಿಯುವ ಸ್ಟಾಪು ಇದೇ. ಈ ಪುಸ್ತಕಕ್ಕೆ ಇನ್ನು ಯಾರೂ ಸೆಲೋಟೇಪು ಹಚ್ಚಬಾರದು.'

ಅರ್ಧ ಪುಟವೂ ತುಂಬಲಿಲ್ಲ. ಹೇಳುವುದಿದ್ದದ್ದು ಅಷ್ಟೇ. ಗುಬ್ಬಿಯ ವಿಳಾಸಕ್ಕೆ ಪೋಸ್ಟ್ ಮಾಡಿದಳು.

ಪುಸ್ತಕ ಗುಬ್ಬಿಯ ಮನೆ, ಚಿಕ್ಕಮಾವನ ಮನೆ ದಾಟಿ ದೊಡ್ಡತ್ತೆಯ ಕೈ ಸೇರುವಷ್ಟರಲ್ಲಿ ಎರಡು ತಿಂಗಳು ಕಳೆದವು. ಮೇಸ್ತ್ರಿ ಹೋಗಿಯಾಗಿತ್ತು. ಆ ಬೆಳಿಗ್ಗೆ ಯಾರೋ ಪ್ರೆಸ್ಸಿನ ಮೇಲಿಟ್ಟ ಲೋಟವನ್ನು ಎತ್ತಿ ಹಿಡಿದು, "ಇದು ಯಾರ ಆಸ್ತಿ?" ಎಂದು ಅವಳು ಕೇಳುತ್ತಿರುವಾಗ ಫೋನು ಅದುರಿತು. ಗ್ರೂಪಿಗೆ ದೊಡ್ಡತ್ತೆ ಒಂದು ಫೋಟೋ ಹಾಕಿದ್ದರು. ಅವಳ ಅರ್ಧ ಪುಟ. ಅಂಚಿನ ತುಂಬ ಕೆಂಪು ಶಾಯಿ.

'ಎರಡು ಪುಟ ಬರೆಯಬೇಕು. ಅರ್ಧ ಬರೆದು ತಪ್ಪಿಸಿಕೊಂಡಿದ್ದಾಳೆ. ಇಟ್ಟುಕೊಂಡದ್ದು ಹದಿನಾರು ದಿನ. ಎರಡು ದಿನ ತಡ. ಕಾರಣ?'

ಅವಳು ನಿಂತಲ್ಲೇ ಎರಡು ಸಲ ಓದಿದಳು. ಲೋಟ ಕೆಳಗಿಟ್ಟು ಬೆರಳಾಡಿಸಿದಳು.

'ಕಾರಣ: ಸೆಲೋಟೇಪು. ದಂಡ ಭಾವನಿಗೆ.'

'ಎಲ್ಲದಕ್ಕೂ ನಾನೇ ಸಿಕ್ಕೋದಾ?' ಎಂದು ಭಾವ ಎಲ್ಲೋ ಹಡಗಿನ ಹೊಟ್ಟೆಯಿಂದ ಬರೆದರು. ಚಿಕ್ಕಮಾವ ಬಸ್ಸಿನ ಚಿತ್ರ ಹಾಕಿದರು. ಆಮೇಲೆ ದೊಡ್ಡತ್ತೆ:

'ಕಾರಣ ಒಪ್ಪಿಲ್ಲ. ಮುಂದಿನ ಸುತ್ತಿಗೆ ಎರಡು ಪುಟ. ಪೂರ್ತಿ. ಸಮಯಕ್ಕೆ ಸರಿಯಾಗಿ.'

ಅವಳು ನಕ್ಕಳು. ಲೋಟದ ಯಜಮಾನ ಗಾಬರಿಯಿಂದ ತಿರುಗಿ ನೋಡುವಷ್ಟು ಜೋರಾಗಿ.