ಬೆಂಡೆ ಗಿಡಕ್ಕೆ ತಾಗಿಸಿದ ಮುಳ್ಳು

ಮೊದಲು ತಾತ ತೀರಿಕೊಂಡರು. ಅದಾದ ಮೇಲೆ ಅವರ ರೇಡಿಯೋ ರಿಪೇರಿ ಅಂಗಡಿಗೆ ಬೀಗ ಬಿತ್ತು. ಮರುವರ್ಷ ಮೊಮ್ಮಗಳು ಕೀಟಶಾಸ್ತ್ರ ಓದಲು ಸೇರಿದಳು. ಓದು ಮುಗಿದ ಬೇಸಿಗೆಯಲ್ಲಿ, ಅಂಗಡಿಯನ್ನು ದರ್ಜಿಯೊಬ್ಬರಿಗೆ ಬಿಟ್ಟುಕೊಡುವ ಹಿಂದಿನ ದಿನ, ತಾತನ ಮಗನಾದ ಸೋದರಮಾವನೊಂದಿಗೆ ಸಾಮಾನು ತೆಗೆಯುವಾಗ ಮೇಜಿನ ಖಾನೆಯಲ್ಲಿ ಅವಳಿಗೆ ಆ ಮುಳ್ಳು ಸಿಕ್ಕಿತು. ಹಳೆಯ ರೆಕಾರ್ಡ್ ಪ್ಲೇಯರಿನದು, ತಾಗಿದ್ದರ ಸಣ್ಣ ಕಂಪನವನ್ನೂ ಸದ್ದಾಗಿಸುವಂಥದ್ದು. ತಾತ ಬೆಸೆದ ತಂತಿಗಳು ಇನ್ನೂ ಬಿಟ್ಟಿರಲಿಲ್ಲ.

ಬೆಸುಗೆಯ ಹೊಗೆಯ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ತಗುಲಿದಂತಾಯಿತು. ಶಾಲೆ ಬಿಟ್ಟ ಸಂಜೆಗಳಲ್ಲಿ ತಾತ ಅವಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕಿಟಕಿಯ ಕುಂಡದಲ್ಲಿದ್ದ ಬೆಂಡೆ ಗಿಡದ ಕಾಂಡಕ್ಕೆ ಈ ಮುಳ್ಳನ್ನು ತಾಗಿಸಿ, ಸದ್ದು ಹಿಗ್ಗಿಸುವ ಆಂಪ್ಲಿಫೈಯರಿಗೆ ಜೋಡಿಸಿ, ಹೆಡ್‌ಫೋನ್ ತೊಡಿಸುತ್ತಿದ್ದರು. ಎಲೆಯಡಿ ಅಕ್ಕಿಕಾಳಿಗಿಂತ ಸಣ್ಣದಾದ ಹಸಿರು ಜಿಗಿಹುಳು. ಬರಿಗಿವಿಗೆ ಏನೂ ಕೇಳದು. ಹೆಡ್‌ಫೋನಿನಲ್ಲಿ ಮಾತ್ರ 'ಡ್ರ್‌ರ್‌ರ್' ಎಂಬ ಗುಡುಗು, ಅದರ ಬೆನ್ನಿಗೇ 'ಟಕ್' ಎಂಬ ಉತ್ತರ.

"ಕಣ್ಣು ಮುಚ್ಕೋ, ಪುಟ್ಟಿ. ಮಾತಾಡ್ಕೊಳ್ತಿವೆ," ಎನ್ನುತ್ತಿದ್ದರು ತಾತ.

ಆ ಮಾತಿನ ಬೆನ್ನು ಹತ್ತಿಯೇ ಅವಳು ಕೀಟಗಳ ಲೋಕಕ್ಕೆ ಬಂದವಳು.

ಮಾವ ಮುಳ್ಳನ್ನು ನೋಡಿ ನಕ್ಕರು. "ಇನ್ನೂ ನಂಬ್ತೀಯಾ ಅದನ್ನ? ಜಿಗಿಹುಳು ತಿಗಣೆಯ ನೆಂಟ ಅಂತ ನೀನೇ ಹೇಳಿದ್ದೆ. ತಿಗಣೆ ವಂಶದಲ್ಲಿ ಸಂಗೀತಗಾರರು ಎಲ್ಲಿಂದ ಬರ್ಬೇಕು? ಅಪ್ಪ ಕಾಂಡಕ್ಕೆ ಉಗುರಲ್ಲಿ ಬಡೀತಿದ್ರು ಕಣೇ. ಕಣ್ಣಾರೆ ಕಂಡಿದ್ದೀನಿ."

"ಸಾಧ್ಯವೇ ಇಲ್ಲ ಮಾವ."

"ಮಗು ಖುಷಿಯಾಗಿರ್ಲಿ ಅಂತ ಮಾಡಿದ್ದು. ತಪ್ಪೇನು ಬಿಡು."

ಅವಳ ಮುಖ ಬಾಡಿತು. ಗಂಡು ಜಿಗಿಹುಳು ಕಾಂಡವನ್ನು ಕಂಪಿಸಿ ಕರೆಯುತ್ತದೆ, ಹೆಣ್ಣು ಮರುದನಿ ಕೊಟ್ಟರೆ ಮತ್ತೆ ಕರೆಯುತ್ತದೆ ಎಂದು ಅವಳು ಓದಿದ್ದಳು. ಆದರೆ ಪುಸ್ತಕ ನಿಜವೆಂದ ಮಾತ್ರಕ್ಕೆ ತಾತ ಕೇಳಿಸಿದ್ದು ನಿಜವಾಗಬೇಕೆಂದಿಲ್ಲ. ಬಾಲ್ಯವೆಲ್ಲ ಒಂದು ಉಗುರಿನ ಆಟವಾಗಿದ್ದರೆ?

ಪಕ್ಕದ ಮನೆಯಿಂದ ಬೆಂಡೆಯ ಕುಂಡವೊಂದನ್ನು ಕೇಳಿ ತಂದಳು. ಹುಳುಗಳನ್ನೆಲ್ಲ ಒಂದು ಸೀಸೆಗೆ ಕೊಡವಿ, ಮುಳ್ಳು ತಾಗಿಸಿ, ತಾತನ ಆಂಪ್ಲಿಫೈಯರಿಗೆ ಜೋಡಿಸಿ ಆಲಿಸಿದಳು: ಮೌನ. ಬಳಿಕ ಒಂದೇ ಒಂದು ಗಂಡು ಹುಳುವನ್ನು ಎಲೆಯ ಮೇಲೆ ಬಿಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದಳು.

'ಡ್ರ್‌ರ್‌ರ್.'

ಹೆಡ್‌ಫೋನನ್ನು ಮಾವನ ತಲೆಗೇರಿಸಿದಳು. ಮಾವನ ಹುಬ್ಬು ಮೇಲೇರಿತು. "ಅಯ್ಯೋ, ಇದು... ಇದೇ ಹುಳುವಾ?"

"ನನ್ನ ಕೈ ಎಲ್ಲಿದೆ ನೋಡಿ."

ಗೆದ್ದೆನೆಂದುಕೊಂಡಳು. ಆದರೆ ಮಾವನಿಗೆ 'ಟಕ್' ಕೇಳಿಸಲಿಲ್ಲ. ಎರಡು ಸಲ ಕರೆದು ಹುಳು ಸುಮ್ಮನಾಯಿತಂತೆ. ಎಷ್ಟು ಕಾದರೂ ಮತ್ತೆ ಸದ್ದಿಲ್ಲ. ಕೊನೆಗೆ ಅವಳು ಹಿಂಜರಿಯುತ್ತಲೇ ಉಗುರಿನಿಂದ ಕಾಂಡವನ್ನು ಮೆಲ್ಲಗೆ ತಟ್ಟಿದಳು.

ಮಾವ ಬೆಚ್ಚಿದರು. "ಮತ್ತೆ ಶುರು ಮಾಡ್ತು! ಪಾಪ, ನಿನ್ನ ಉಗುರನ್ನೇ ಹೆಂಡ್ತಿ ಅಂದ್ಕೊಂಡಿದೆ." ನಗು ಅರ್ಧಕ್ಕೇ ನಿಂತಿತು. "ಅಪ್ಪನೂ ಹೀಗೇ ತಟ್ತಿದ್ರು ಕಣೇ. ಇಷ್ಟೇ ಮೆಲ್ಲಗೆ."

ಅವಳು ಹೆಡ್‌ಫೋನನ್ನು ತೊಟ್ಟು ಕಣ್ಣು ಮುಚ್ಚಿ ಮತ್ತೊಮ್ಮೆ ತಟ್ಟಿದಳು. ಮತ್ತೊಮ್ಮೆ ಹುಳು ಕರೆಯಿತು.

ಹಾಡುತ್ತಿದ್ದುದು ಜಿಗಿಹುಳುವೇ, ಅದು ನಿಲ್ಲಿಸದಂತೆ ಉತ್ತರ ಕೊಡುತ್ತಿದ್ದವರು ತಾತ.