ನೀಲಿ ಉಗುರು

ನೂರ ಮೂವತ್ತೆಂಟು. ಶಿವಶಂಕರ ಎರಡು ನಿಮಿಷ ಬಿಟ್ಟು ಮತ್ತೆ ಎಣಿಸಿದ. ನೂರ ಮೂವತ್ತಾರು. ಮೈದಾನದ ಸುತ್ತ ಎರಡೇ ಸುತ್ತು ಓಡಿಸಿದ್ದ. ಉಳಿದ ಆರು ಹುಡುಗರ ನಾಡಿ ಆಗಲೇ ನೂರರ ಕೆಳಗೆ ಇಳಿದಿತ್ತು. ರಾಮಾಂಜಿಯದು ಮಾತ್ರ ಇಳಿಯಲೊಲ್ಲದು.

"ಎಷ್ಟೈತೆ ಸಾ?" ರಾಮಾಂಜಿ ಕೇಳಿದ.

"ಒಂಚೂರು ಜಾಸ್ತಿ ಐತೆ. ನಿದ್ದೆ ಮಾಡಿದ್ದೇನಾ?"

"ಬಟ್ಟೆ ಬಂಡಲ್ ಮ್ಯಾಲೆ ಒಂದ್ ಗಳಿಗೆ ಮಲಗಿದ್ದೆ ಸಾ."

"ಅದಕ್ಕೇ ಇರ್ಬೇಕು."

ಆ 'ಇರಬೇಕು' ಅವನಿಗೇ ಹಿಡಿಸಲಿಲ್ಲ. ಪ್ರಾಣಿಶಾಸ್ತ್ರ ಓದಿ, ಆಮೇಲೆ ಫುಟ್‌ಬಾಲ್ ಕೋಚ್ ಆದವನು. ಹನ್ನೊಂದು ವರ್ಷದಿಂದ ನೋಟ್‌ಬುಕ್ಕಿನಲ್ಲಿ ದಿನಾಂಕ, ಹೆಸರು, ನಾಡಿ ಬರೆಯುತ್ತ ಬಂದಿದ್ದ. ಇವತ್ತು ಆರು ಹೆಸರಿನ ಮುಂದೆ ಅಂಕಿ ಬರೆದು, ಏಳನೆಯದರ ಮುಂದೆ ಖಾಲಿ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದ.

ಹುಡುಗನ ಉಗುರುಗಳು ನೀಲಿಯಾಗಿದ್ದವು. ಹಾಗೆ ನೋಡಿದರೆ ಏಳು ಜನರ ಉಗುರೂ ನೀಲಿಯೇ. ಎಲ್ಲರೂ ಬೆಳಗಿನ ತನಕ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ದುಡಿದು ನೇರ ಮೈದಾನಕ್ಕೆ ಬಂದಿದ್ದರು. ತೊಳೆಯದ ಹೊಸ ಬಟ್ಟೆ ಬಣ್ಣ ಬಿಡುತ್ತದೆ, ಕೈಗೆ ಹತ್ತುತ್ತದೆ. ರಾಯದುರ್ಗದಲ್ಲಿ ನೀಲಿ ಉಗುರು ರೋಗದ ಲಕ್ಷಣವಲ್ಲ, ಉದ್ಯೋಗದ ಲಕ್ಷಣ. ಆದರೆ ಅವನು ಓದಿದ್ದು ಬೇರೆ. ರಕ್ತಕ್ಕೆ ಆಮ್ಲಜನಕ ಸಾಲದಿದ್ದಾಗ ಉಗುರು ನೀಲಿಗಟ್ಟುತ್ತದೆ, ತುಟಿ ನೀಲಿಗಟ್ಟುತ್ತದೆ. ಆ ಪುಸ್ತಕ ಬರೆದವರು ರಾಯದುರ್ಗ ನೋಡಿರಲಿಲ್ಲ.

"ಏಳೇ ಮಂದಿ ಅದಾರಲ್ರಿ?"

ಪ್ರಿನ್ಸಿಪಾಲ್ ಸಣ್ಣಬಸಪ್ಪನವರು ಕೊಡೆ ಹಿಡಿದು ಬಂದು ನಿಂತಿದ್ದರು.

"ಇನ್ನೂ ನಾಲ್ಕು ಜನ ಬರ್ತಾರೆ ಸಾರ್."

"ಬರಂಗಿಲ್ರಿ," ಬೂಟಿನ ದಾರ ಕಟ್ಟುತ್ತಿದ್ದ ನಾಯಕ ಗಾದಿಲಿಂಗ ತಲೆ ಎತ್ತದೆ ಹೇಳಿದ. "ಇವತ್ತ ಲೋಡ್ ಹೋಗ್ಬೇಕಂತ ಓನರ್ ಗೇಟಿಗೆ ಬೀಗ ಹಾಕ್ಯಾನ. ನಾವು ಹಿಂದಿನ ಗ್ವಾಡಿ ಜಿಗದು ಬಂದೀವಿ."

"ಗ್ವಾಡಿ ಜಿಗಿಯೋದ್ರಾಗ ಒಂದು ಕಪ್ ಇಡ್ಸ್ರಿ ಸಾರ್, ಗ್ಯಾರಂಟಿ ನಮ್ಗ ಬರ್ತದ," ಹಿಂದಿನಿಂದ ಯಾರೋ ಅಂದರು. ಹುಡುಗರು ನಕ್ಕರು. ರಾಮಾಂಜಿಯೂ ನಕ್ಕ, ಉಸಿರು ಸಾಲದೆ ಅರ್ಧಕ್ಕೇ ನಿಲ್ಲಿಸಿದ.

ಸಣ್ಣಬಸಪ್ಪ ನಗಲಿಲ್ಲ. "ಏಳು ಮಂದಿ ಆಡಬಹುದೇನ್ರಿ?"

"ಆಡಬಹುದು ಸಾರ್. ಆರಾದ್ರೆ ಆಟ ನಿಲ್ಲಿಸ್ತಾರೆ."

"ನಿಲ್ಲಬಾರದ್ರಿ ಶಿವಶಂಕರ್. ನಿಂತ್ರ ನಾ ಏನೂ ಮಾಡಾಕ ಬರಂಗಿಲ್ಲ. ನಿಮಗ ಗೊತ್ತೈತಿ."

ಗೊತ್ತಿತ್ತು. ಪ್ರತಿ ಜೂನ್‌ನಲ್ಲಿ ಅವನ ಗುತ್ತಿಗೆ ಮುಗಿದು ಮತ್ತೆ ಶುರುವಾಗುತ್ತಿತ್ತು. ಈ ಸಲ ಆಡಳಿತ ಮಂಡಳಿ ಶರತ್ತು ಹಾಕಿತ್ತು. ಅಂತರ ಕಾಲೇಜು ಪಂದ್ಯವನ್ನು ಕೊನೆಯ ತನಕ ಆಡದಿದ್ದರೆ ಫುಟ್‌ಬಾಲ್ ತಂಡ ರದ್ದು. ತಂಡವಿಲ್ಲದ ಮೇಲೆ ಕೋಚ್ ಯಾಕೆ? ಗೆಲ್ಲಬೇಕಾಗಿರಲಿಲ್ಲ. ಎಷ್ಟು ಗೋಲಿನಿಂದ ಬೇಕಾದರೂ ಸೋಲಬಹುದಿತ್ತು. ತೊಂಬತ್ತು ನಿಮಿಷ ಏಳು ಜನ ಮೈದಾನದಲ್ಲಿರಬೇಕು, ಅಷ್ಟೆ.

ಮೊದಲ ವರ್ಷ ಇಪ್ಪತ್ತೆಂಟು ಹುಡುಗರಿದ್ದರು. ಆಮೇಲೆ ಒಬ್ಬೊಬ್ಬರೇ ಬಳ್ಳಾರಿಗೆ, ಬೆಂಗಳೂರಿಗೆ, ಊರೊಳಗಿನ ಯೂನಿಟ್ಟುಗಳಿಗೆ ಹೋದರು. ಅವನು ಕಲಿಸಿದ್ದರಲ್ಲಿ ಒಂದೇ ಒಂದು ಪಾಠ ಅಲ್ಲಿ ಅವರ ಉಪಯೋಗಕ್ಕೆ ಬಂದಿತ್ತು: ದಣಿವಾದರೂ ತೋರಿಸಬಾರದು.

ರಾಮಾಂಜಿಯನ್ನು ಅವನೇ ಕರೆತಂದಿದ್ದ. ಶಿವಶಂಕರನದು ಮಡಕಶಿರಾ. ರಾಯದುರ್ಗದ ಹುಡುಗರು ಅವನ ಮಾತನ್ನು ಬೆನ್ನ ಹಿಂದೆ ಅಣಕಿಸುತ್ತಿದ್ದರು. ರಾಮಾಂಜಿ ಆ ಕಡೆಯ ರತ್ನಗಿರಿಯವನು. ಇಲ್ಲಿ ತನ್ನ ಮಾತನ್ನು ತನ್ನಂತೆಯೇ ಆಡುವವನು ಅವನೊಬ್ಬನೇ. ಎರಡು ವರ್ಷದ ಹಿಂದೆ, ಅಲ್ಲಿನ ಕೋಟೆಯ ಕೆಳಗಿನ ಬಯಲಿನಲ್ಲಿ ಕುರಿಗಳ ನಡುವೆ ಹರಿದ ಚೆಂಡೊಂದನ್ನು ಒದೆಯುತ್ತಿದ್ದ ಅವನ ಕಾಲನ್ನು ನೋಡಿ ಬೈಕು ನಿಲ್ಲಿಸಿದ್ದ. ತಾಯಿ ಜುಂಜಮ್ಮ ಕುರಿರೊಪ್ಪದ ಬಾಗಿಲಲ್ಲಿ ನಿಂತು ಹೇಳಿದ್ದಳು: "ಹುಟ್ದಾಗ ಕೂಸು ನೀಲಿ ಇತ್ತು ಸ್ವಾಮಿ. ನಮ್ಮ ದ್ಯಾವ್ರು ಜುಂಜಪ್ಪ ಉಳ್ಸ್‌ಕೊಟ್ಟ. ಜಾಸ್ತಿ ಓಡುಸ್ಬ್ಯಾಡಿ."

"ನಾನಿಲ್ವೇನಮ್ಮ," ಎಂದಿದ್ದ ಶಿವಶಂಕರ.

ಜಾಸ್ತಿ ಅಂದರೆ ಎಷ್ಟು ಎಂದು ಕೇಳಿರಲಿಲ್ಲ. ಎಲ್ಲವನ್ನೂ ಅಳೆಯುವವನು ಅದೊಂದನ್ನು ಅಳೆಯಲಿಲ್ಲ. ದಸರಾ ರಜೆಯಲ್ಲಿ ಹುಡುಗನನ್ನು ದೊಡ್ಡ ಡಾಕ್ಟರಿಗೆ ತೋರಿಸಬೇಕೆಂದುಕೊಂಡ. ಆಮೇಲೆ ಸಂಕ್ರಾಂತಿಗೆ ಎಂದ. ಈಗ ಈ ಪಂದ್ಯ ಮುಗಿದ ಮೇಲೆ.

ಅರ್ಧ ಆಟ ಮುಗಿಯುವಷ್ಟರಲ್ಲಿ ಎದುರು ತಂಡ ನಾಲ್ಕು ಗೋಲು ಹೊಡೆದಿತ್ತು. ಹುಡುಗರು ಬಂದು ಬೆಂಚಿನ ಸುತ್ತ ಕುಸಿದು ಕುಳಿತರು. ಬೆಂಚಿನ ಮೇಲೆ ಅವರು ಬಿಚ್ಚಿ ಮಡಚಿಟ್ಟ ಏಳು ಪ್ಯಾಂಟುಗಳಿದ್ದವು. ಯೂನಿಟ್ಟಿನವರು ಹೊಲಿಗೆ ತಪ್ಪಿದೆಯೆಂದು ಇವರಿಗೇ ಕೊಟ್ಟ ತೊಳೆಯದ ಜೀನ್ಸು.

ರಾಮಾಂಜಿ ಕೂರಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಿದ್ದ. ತುಟಿಯ ಅಂಚು ಕಪ್ಪಗಿತ್ತು. ಬಣ್ಣದ ಕೈಯಲ್ಲಿ ಬಾಯಿ ಒರೆಸಿಕೊಂಡಿರುತ್ತಾನೆ, ಎಂದುಕೊಂಡ ಶಿವಶಂಕರ. ಹೆದರಿಕೆ ಅವನಿಗೆ ಎದೆಯಲ್ಲಿ ಆಗುತ್ತಿರಲಿಲ್ಲ, ಬೆರಳ ತುದಿಯಲ್ಲಿ ಆಗುತ್ತಿತ್ತು. ಹುಡುಗನ ಮಣಿಕಟ್ಟು ಹಿಡಿದ. ಎಣಿಸಲು ಆಗಲಿಲ್ಲ. ಬಡಿತಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅವುಗಳಲ್ಲಿ ಕೆಲವು ತನ್ನವೇ ಇರಬಹುದು.

"ಕೂತ್ಕಂಡ್‌ಬಿಡ್ಲಾ ಸಾ?"

"ನಿಂಗೆ ಹೆಂಗನ್ನಿಸ್ತೈತೆ?"

"ನೀವು ಹೆಂಗೇಳಿದ್ರೆ ಹಂಗೆ."

ಶಿವಶಂಕರ ಬಿಳಿ ಕರವಸ್ತ್ರ ತೆಗೆದು, ಬಾಟಲಿಯ ನೀರು ಸುರಿದು, ಹುಡುಗನ ಬಲಗೈಯ ಐದೂ ಉಗುರುಗಳನ್ನು ಒಂದೊಂದಾಗಿ ಉಜ್ಜಿದ. ಸರಳವಾದ ಪರೀಕ್ಷೆ. ಬಣ್ಣವಾದರೆ ಬಟ್ಟೆಗೆ ಬರುತ್ತದೆ. ಬಾರದಿದ್ದರೆ ಅದು ಬಣ್ಣವಲ್ಲ.

ರೆಫರಿ ಸೀಟಿ ಊದಿದ. ಶಿವಶಂಕರ ಕರವಸ್ತ್ರವನ್ನು ಹಾಗೆಯೇ ಮುದುಡಿ ಜೇಬಿಗೆ ಹಾಕಿಕೊಂಡ. ನೋಡಿದ್ದರೆ ತಿಳಿಯುತ್ತಿತ್ತು. ಆದ್ದರಿಂದ ನೋಡಲಿಲ್ಲ.

"ಓಡಬ್ಯಾಡ. ಗೆರೆ ಹತ್ರ ಸುಮ್ನೆ ನಿಂತ್ಕಂಡಿರು, ಸಾಕು."

"ಹೂಂ ಸಾ."

ಸ್ವಲ್ಪ ಹೊತ್ತು ರಾಮಾಂಜಿ ಹೇಳಿದಂತೆ ನಿಂತಿದ್ದ. ಸಂತೆಯಲ್ಲಿ ಕಟ್ಟಿಹಾಕಿದ ಮೇಕೆಯ ಹಾಗೆ, ಎಡಗಡೆಯ ಗೆರೆಯ ಮೇಲೆ. ನಲವತ್ತು ನಿಮಿಷ ಉಳಿದಿತ್ತು. ಮೂವತ್ತೆಂಟು. ಶಿವಶಂಕರ ಗಡಿಯಾರ ಬಿಟ್ಟು ಬೇರೇನನ್ನೂ ನೋಡದಿರಲು ಯತ್ನಿಸಿದ. ಮೂವತ್ತೊಂದರಲ್ಲಿ ಚೆಂಡು ಪುಟಿಯುತ್ತ ಬಂದು ರಾಮಾಂಜಿಯ ಕಾಲಿಗೇ ತಾಗಿತು.

ಆ ಕಾಲಿಗೆ ನಿಲ್ಲುವುದು ಗೊತ್ತಿರಲಿಲ್ಲ.

"ಹೋಗಲೇ! ಬಿಡಬ್ಯಾಡ!" ಸಣ್ಣಬಸಪ್ಪ ಕೊಡೆ ಎತ್ತಿ ಕೂಗಿದರು. "ನೋಡ್ರಿ, ನಿಮ್ಮ ಹುಡುಗ ಹೆಂಗ ಹೊಂಟಾನ!"

ಅವನನ್ನು ಹೊರಗೆ ಕರೆಯಬೇಕು, ಎನಿಸಿತು. ಬಾಯಿ ತೆರೆದ. ಏಳರಲ್ಲಿ ಒಂದು ಹೋದರೆ ಆರು. ಬಾಯಿ ಮುಚ್ಚಿದ. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ತೆಗೆದಾಗ ಅದು ಮುಖದ ಮುಂದೆಯೇ ಬಿಚ್ಚಿಕೊಂಡಿತು.

ಬಿಳಿ.

ತಿರುಗಿಸಿದ. ನಾಲ್ಕು ಮೂಲೆಗಳನ್ನೂ ನೋಡಿದ. ಬೆಳಕಿಗೆ ಹಿಡಿದ. ಒದ್ದೆಯ ಕಲೆ ಇತ್ತು, ಧೂಳಿತ್ತು. ನೀಲಿಯ ಒಂದು ಗೆರೆಯೂ ಇರಲಿಲ್ಲ.

ಸಣ್ಣಬಸಪ್ಪ ಇತ್ತ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಮೈದಾನದ ಆಚೆ ತುದಿಯಲ್ಲಿತ್ತು. ಶಿವಶಂಕರ ಹಿಂದೆ ಸರಿದು ಬೆಂಚಿನ ಮುಂದೆ ಮೊಣಕಾಲೂರಿದ. ಮೇಲಿದ್ದ ಪ್ಯಾಂಟಿನ ತೊಡೆಯ ಮೇಲೆ ಒದ್ದೆ ಕರವಸ್ತ್ರವಿಟ್ಟು ಉಜ್ಜಿದ. ಮೊದಲು ಏನೂ ಬರಲಿಲ್ಲ. ಇನ್ನಷ್ಟು ನೀರು ಹಾಕಿ ಒತ್ತಿ ಉಜ್ಜಿದ. ತೆಳುವಾಗಿ, ಹೊಗೆಯಂತೆ, ನೀಲಿ ಬರತೊಡಗಿತು.

ಬೆನ್ನ ಹಿಂದೆ ಸೀಟಿ ಕೇಳಿಸಿತು. ಉದ್ದನೆಯದು. ಕೂಗಾಟ ಒಮ್ಮೆಲೇ ನಿಂತಿತು. ಗೋಲಿಗಾಗಿ ಊದಿದ್ದೋ, ಬೇರೆ ಯಾತಕ್ಕೋ; ಗೊತ್ತಾಗಬೇಕಾದರೆ ತಿರುಗಬೇಕಿತ್ತು.

"ಸಾರ್!" ಗಾದಿಲಿಂಗನ ದನಿ. "ಸಾರ್, ಇಲ್ಲಿ ಬರ್ರೀ!"

ಶಿವಶಂಕರ ಕರವಸ್ತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಐದು ಉಗುರಿನಿಂದ ಬಂದ ಬಣ್ಣವೆನ್ನಲು ಇಷ್ಟು ನೀಲಿ ಸಾಲದು. ಪ್ಯಾಂಟನ್ನು ಮಗುಚಿ ಹಾಕಿ ಮತ್ತೆ ಉಜ್ಜತೊಡಗಿದ.